ಮುಪ್ಪಿನಲ್ಲಿ ಸವೆಯುವ ಸ್ನಾಯು: ಅಳೆಯುವುದು ಹೇಗೆ?

ವಯಸ್ಸಾದವರು ನೆಲದಿಂದ ಏಳುವಾಗ ಮಂಡಿಯ ಮೇಲೆ ಕೈಯೂರುವುದು, ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಬಿಯನ್ನು ಎರಡೂ ಕೈಗಳಿಂದ ಹಿಡಿಯುವುದು, ತುಂಬಿದ ಕೊಡದ ಬದಲು ಅರ್ಧ ಕೊಡ ಹೊರುವುದು ಇವೆಲ್ಲ ನಮಗೆ ಪರಿಚಿತ ದೃಶ್ಯಗಳು. ‘ವಯಸ್ಸಾಯಿತಲ್ಲ, ಇನ್ನೇನು?’ ಎಂದು ಹೇಳಿ ಸುಮ್ಮನಾಗುತ್ತೇವೆ. ಆದರೆ ರಕ್ತದ ಒತ್ತಡವನ್ನಾಗಲಿ, ರಕ್ತದ ಸಕ್ಕರೆಯನ್ನಾಗಲಿ ನಾವು ಹೀಗೆ ಬಿಟ್ಟುಬಿಡುವುದಿಲ್ಲ. ಅಳೆಯುತ್ತೇವೆ, ಮಿತಿಯನ್ನು ದಾಟಿದ್ದರೆ ಚಿಕಿತ್ಸೆಯನ್ನು ಕೊಡಿಸುತ್ತೇವೆ. ಸ್ನಾಯುವಿನ ನಷ್ಟವನ್ನೂ ಹಾಗೆಯೇ ಅಳೆಯಬಹುದೆ? ಎಲ್ಲಿಯವರೆಗೆ ಅದು ವಯೋಸಹಜ, ಎಲ್ಲಿಂದ ಮುಂದೆ ರೋಗ?

ಈ ಸ್ಥಿತಿಗೆ ಹೆಸರು ಸಿಕ್ಕಿದ್ದೇ ಇತ್ತೀಚೆಗೆ. 1988ರಲ್ಲಿ ಅಮೆರಿಕದ ಆಲ್ಬುಕರ್ಕಿಯಲ್ಲಿ ನಡೆದ ಸಭೆಯೊಂದರಲ್ಲಿ ಪೋಷಣ ವಿಜ್ಞಾನಿ ಇರ್ವಿನ್ ರೋಸೆನ್‌ಬರ್ಗ್ ಅವರು, ವಯಸ್ಸಿನೊಡನೆ ಸ್ನಾಯುವಿನಷ್ಟು ನಾಟಕೀಯವಾಗಿ ಕುಗ್ಗುವ ಅಂಗ ಬೇರೊಂದಿಲ್ಲವಾದರೂ ಅದಕ್ಕೆ ಹೆಸರಿಲ್ಲದ ಕಾರಣ ಯಾರೂ ಗಮನ ಕೊಡುತ್ತಿಲ್ಲ ಎಂಬ ಅರ್ಥದ ವಾದವನ್ನು ಮಂಡಿಸಿ ‘ಸಾರ್ಕೊಪೀನಿಯ’ ಎಂಬ ಪದವನ್ನು ಸೂಚಿಸಿದರು. ಗ್ರೀಕ್ ಭಾಷೆಯಲ್ಲಿ ‘ಸಾರ್ಕ್ಸ್’ ಎಂದರೆ ಮಾಂಸ, ‘ಪೀನಿಯ’ ಎಂದರೆ ಕೊರತೆ. 2016ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಧಿಕೃತ ರೋಗಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸಂಕೇತ ಸಂಖ್ಯೆ ದೊರೆಯಿತು. ಅಂದರೆ ಹೆಸರು ಪಡೆದ ಸ್ಥಿತಿ ‘ರೋಗ’ವೆನಿಸಿಕೊಳ್ಳಲು ಸುಮಾರು ಮೂರು ದಶಕಗಳು ಹಿಡಿದವು. ತಡವಾದದ್ದಕ್ಕೆ ಒಂದು ಮುಖ್ಯ ಕಾರಣವೆಂದರೆ ಅಳತೆಯ ಸಮಸ್ಯೆ.

ಸ್ನಾಯುವಿನಲ್ಲಿ ಆಗುವುದೇನು?

ಆರೋಗ್ಯವಂತ ತರುಣರ ದೇಹತೂಕದಲ್ಲಿ ಶೇಕಡಾ 30ರಿಂದ 40ರಷ್ಟು ಅಸ್ಥಿಸ್ನಾಯುಗಳಿರುತ್ತವೆ. ಇವುಗಳ ಎಳೆಗಳಲ್ಲಿ ಸ್ಥೂಲವಾಗಿ ಎರಡು ಬಗೆ. ನಿಧಾನವಾಗಿ ಸಂಕೋಚಿಸಿ ಬೇಗನೆ ದಣಿಯದ ಎಳೆಗಳು ಮೊದಲನೆಯ ಬಗೆ. ಥಟ್ಟನೆ ಸಂಕೋಚಿಸಿ ಹೆಚ್ಚು ಬಲ ಕೊಟ್ಟು ಬೇಗ ದಣಿಯುವವು ಎರಡನೆಯ ಬಗೆ. ವಯಸ್ಸಾದಂತೆ ಹೆಚ್ಚಾಗಿ ಸೊರಗುವವು ಈ ಎರಡನೆಯ ಬಗೆಯವು. ಎಡವಿದಾಗ ಕಾಲನ್ನು ತಕ್ಷಣ ಮುಂದಿಟ್ಟು ಸಾವರಿಸಿಕೊಳ್ಳಲು ಬೇಕಾಗುವುದು ಇವೇ. ವೃದ್ಧರು ಎಡವಿದರೆ ಬೀಳುವುದಕ್ಕೆ ಇದೂ ಒಂದು ಕಾರಣ.

ಬೆನ್ನುಹುರಿಯಿಂದ ಸ್ನಾಯುವಿಗೆ ಆದೇಶ ತರುವ ಚಾಲಕ ನರಕೋಶಗಳೂ ವಯಸ್ಸಿನೊಡನೆ ಕಡಿಮೆಯಾಗುತ್ತವೆ. ಒಂದು ನರಕೋಶ ಸತ್ತರೆ ಅದರ ಅಧೀನದಲ್ಲಿದ್ದ ಎಳೆಗಳು ಅನಾಥವಾಗುತ್ತವೆ. ಪಕ್ಕದ ನರಕೋಶ ಕೆಲವನ್ನು ತನ್ನ ಆಳ್ವಿಕೆಗೆ ಸೇರಿಸಿಕೊಳ್ಳುತ್ತದೆ, ಉಳಿದವು ನಶಿಸುತ್ತವೆ. ಜೊತೆಗೆ, ಆಹಾರದ ಪ್ರೋಟೀನನ್ನು ಸ್ನಾಯುವಾಗಿ ಕಟ್ಟುವ ಕ್ರಿಯೆಯೂ ಮಂದವಾಗುತ್ತದೆ. ನಷ್ಟವಾದ ಎಳೆಗಳ ಜಾಗದಲ್ಲಿ ಕೊಬ್ಬು ಮತ್ತು ನಾರಿನ ಅಂಗಾಂಶ ಸೇರುತ್ತವೆ. ಹೀಗಾಗಿ ಉಳಿದ ಸ್ನಾಯುವಿನ ಗುಣಮಟ್ಟವೂ ಕುಸಿಯುತ್ತದೆ. ಎಪ್ಪತ್ತು ದಾಟಿದವರನ್ನು ಹಲವು ವರ್ಷ ಅನುಸರಿಸಿದ ಅಮೆರಿಕದ ಅಧ್ಯಯನವೊಂದು 2006ರಲ್ಲಿ ತೋರಿಸಿದಂತೆ, ಸ್ನಾಯುವಿನ ರಾಶಿ ಕುಗ್ಗುವ ದರಕ್ಕಿಂತ ಅದರ ಬಲ ಕುಗ್ಗುವ ದರ ಸುಮಾರು ಮೂರು ಪಟ್ಟು ಹೆಚ್ಚು. ಈ ಅಂಶವನ್ನು ನೆನಪಿನಲ್ಲಿಡಿ. ರೋಗನಿರ್ಣಯದ ಕ್ರಮವನ್ನೇ ಇದು ಬದಲಿಸಿತು.

ತೂಕದ ಯಂತ್ರ ಏಕೆ ಸಾಲದು?

ಕಳೆದುಹೋದ ಸ್ನಾಯುವಿನ ಸ್ಥಾನವನ್ನು ಅಷ್ಟೇ ತೂಕದ ಕೊಬ್ಬು ತುಂಬಿದರೆ ತೂಕದ ಯಂತ್ರದ ಮುಳ್ಳು ಅಲುಗುವುದಿಲ್ಲ. ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಎಂಬ ಇಬ್ಬರು ವೈದ್ಯ ವಿಜ್ಞಾನಿಗಳು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ದೇಹಗಳ ಅಳತೆಯನ್ನು ಪ್ರಕಟಿಸಿದರು. ಇಬ್ಬರ ದೇಹರಾಶಿ ಸೂಚ್ಯಂಕವೂ 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿದ್ದ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಅವರದರಲ್ಲಿ ಶೇಕಡಾ 21.2! ತೂಕ ಮತ್ತು ಎತ್ತರ ಒಂದೇ ಸೂಚ್ಯಂಕ ಕೊಟ್ಟರೂ ದೇಹದ ಒಳರಚನೆ ಬೇರೆಯಾಗಿತ್ತು. ಭಾರತೀಯರು ನೋಡಲು ತೆಳ್ಳಗಿದ್ದರೂ ಅವರಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಇರುವುದುಂಟು ಎಂಬುದು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಆದ್ದರಿಂದ ತೂಕವನ್ನು ನಂಬಿ ಕುಳಿತರೆ ಸ್ನಾಯುನಷ್ಟ ಕಣ್ಣಿಗೆ ಬೀಳುವುದೇ ಇಲ್ಲ.

ನಾಲ್ಕು ಮೆಟ್ಟಿಲುಗಳು

ಯೂರೋಪಿನ ತಜ್ಞರ ಗುಂಪು 2010ರಲ್ಲಿ ಮೊದಲ ಮಾರ್ಗಸೂಚಿಯನ್ನು ಪ್ರಕಟಿಸಿ 2018ರಲ್ಲಿ ಪರಿಷ್ಕರಿಸಿತು. ಏಷ್ಯಾದ ತಜ್ಞರ ಗುಂಪು 2014ರಲ್ಲಿ ತನ್ನದನ್ನು ಪ್ರಕಟಿಸಿ 2019ರಲ್ಲಿ ಪರಿಷ್ಕರಿಸಿತು. ಇವುಗಳಲ್ಲಿ ಕಾಣುವ ಕ್ರಮವನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಬಹುದು: ಸಂಶಯ, ಬಲದ ಅಳತೆ, ರಾಶಿಯ ಅಳತೆ, ತೀವ್ರತೆಯ ನಿರ್ಧಾರ.

ಮೊದಲ ಮೆಟ್ಟಿಲಿಗೆ ಯಾವ ಯಂತ್ರವೂ ಬೇಡ. 2013ರಲ್ಲಿ ಅಮೆರಿಕದ ಜಾನ್ ಮಾರ್ಲಿ ಮತ್ತು ಸಂಗಡಿಗರು ರೂಪಿಸಿದ ‘ಸಾರ್ಕ್-ಎಫ್’ ಎಂಬ ಪ್ರಶ್ನಾವಳಿಯಲ್ಲಿ ಐದೇ ಪ್ರಶ್ನೆಗಳು. ಸುಮಾರು ನಾಲ್ಕೂವರೆ ಕಿಲೋಗ್ರಾಂ ಭಾರವನ್ನು ಎತ್ತಿ ಒಯ್ಯಲು ಎಷ್ಟು ಕಷ್ಟವಾಗುತ್ತದೆ? ಕೋಣೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲು? ಕುರ್ಚಿ ಅಥವಾ ಹಾಸಿಗೆಯಿಂದ ಏಳಲು? ಹತ್ತು ಮೆಟ್ಟಿಲು ಹತ್ತಲು? ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಬಿದ್ದಿದ್ದೀರಿ? ಪ್ರತಿ ಉತ್ತರಕ್ಕೂ 0, 1 ಅಥವಾ 2 ಅಂಕ. ಒಟ್ಟು ನಾಲ್ಕು ಅಥವಾ ಹೆಚ್ಚು ಬಂದರೆ ಮುಂದಿನ ಪರೀಕ್ಷೆ ಅಗತ್ಯ. ಏಷ್ಯಾದ ಮಾರ್ಗಸೂಚಿ ಇದರೊಡನೆ ಮೀನಖಂಡದ ಸುತ್ತಳತೆಯನ್ನೂ ಸೂಚಿಸುತ್ತದೆ. ಅತ್ಯಂತ ದಪ್ಪವಿರುವ ಕಡೆ ಟೇಪು ಸುತ್ತಿ ಅಳೆದಾಗ ಪುರುಷರಲ್ಲಿ 34 ಸೆಂ.ಮೀ.ಗಿಂತ, ಸ್ತ್ರೀಯರಲ್ಲಿ 33 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಸಂಶಯಪಡಬೇಕು. ಜಪಾನಿನಲ್ಲಿ ಟೇಪೂ ಬೇಡದ ವಿಧಾನವೊಂದು ಬಳಕೆಯಲ್ಲಿದೆ. ತಮ್ಮ ಎರಡೂ ಕೈಗಳ ಹೆಬ್ಬೆರಳು ಮತ್ತು ತೋರುಬೆರಳುಗಳನ್ನು ಜೋಡಿಸಿ ಉಂಗುರ ಮಾಡಿ, ಅದರಿಂದ ಮೀನಖಂಡವನ್ನು ಬಳಸುವುದು. ಉಂಗುರದ ಒಳಗೆ ಜಾಗ ಉಳಿದರೆ ಸ್ನಾಯು ಕಡಿಮೆಯಾಗಿರುವ ಸಂಭವ ಹೆಚ್ಚು.

ಬಲದ ಅಳತೆ

ಎರಡನೆಯ ಮೆಟ್ಟಿಲು ಹಿಡಿತದ ಬಲ. ಡೈನಮೊಮೀಟರ್ ಎಂಬ ಉಪಕರಣದ ಹಿಡಿಯನ್ನು ಕೈಯಲ್ಲಿ ಗಟ್ಟಿಯಾಗಿ ಅದುಮಬೇಕು. ಕೆಲವು ಮಾದರಿಗಳಲ್ಲಿ ಸ್ಪ್ರಿಂಗ್ ಇರುತ್ತದೆ, ಕೆಲವದರಲ್ಲಿ ಒಳಗಿನ ದ್ರವದ ಒತ್ತಡ ಮುಳ್ಳನ್ನು ತಿರುಗಿಸುತ್ತದೆ. ಕನಿಷ್ಠ ಎರಡು ಸಲ ಅಳೆದು ಗರಿಷ್ಠ ಬೆಲೆಯನ್ನು ತೆಗೆದುಕೊಳ್ಳುತ್ತಾರೆ. ಏಷ್ಯಾದ 2019ರ ಮಾರ್ಗಸೂಚಿಯಂತೆ ಪುರುಷರಲ್ಲಿ 28 ಕಿಲೋಗ್ರಾಂಗಿಂತ, ಸ್ತ್ರೀಯರಲ್ಲಿ 18 ಕಿಲೋಗ್ರಾಂಗಿಂತ ಕಡಿಮೆಯಾದರೆ ಬಲ ಕುಂದಿದೆ ಎಂದರ್ಥ. ಇಲ್ಲಿ ಕಿಲೋಗ್ರಾಂ ಎಂದಿರುವುದು ರಾಶಿಯಲ್ಲ, ಬಲ. 28 ಕಿಲೋಗ್ರಾಂ ಎಂದರೆ ಸುಮಾರು 274 ನ್ಯೂಟನ್ ಎಂದು ವಿದ್ಯಾರ್ಥಿಗಳು ಓದಿಕೊಳ್ಳಬೇಕು.

ಕಾಲಿನ ತೊಂದರೆಗೆ ಕೈಯನ್ನು ಏಕೆ ಅಳೆಯಬೇಕು? ಹಿಡಿತದ ಬಲ ಇಡೀ ದೇಹದ ಸ್ನಾಯುಬಲದ ಸ್ಥೂಲ ಪ್ರತಿನಿಧಿ. ಅಳೆಯಲು ಸುಲಭ, ವೆಚ್ಚವೂ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಭಾಗವಹಿಸಿದ್ದ ‘ಪ್ಯೂರ್’ ಎಂಬ ಅಂತರರಾಷ್ಟ್ರೀಯ ಅಧ್ಯಯನ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಹಿಡಿತವನ್ನು ಅಳೆದು ಅವರನ್ನು ಅನುಸರಿಸಿತು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹಿಡಿತದ ಬಲ 5 ಕಿಲೋಗ್ರಾಂ ಕಡಿಮೆಯಾದಂತೆಲ್ಲ ಸಾವಿನ ಅಪಾಯ ಶೇಕಡಾ 16ರಷ್ಟು ಹೆಚ್ಚಿರುವುದು ಕಂಡುಬಂತು. ಹಿಡಿತ ಕುಂದಿದ್ದರಿಂದಲೇ ಸಾವು ಬರುತ್ತದೆಂದು ಇದರರ್ಥವಲ್ಲ. ಹಿಡಿತ ಒಂದು ಸೂಚಕ, ಉಷ್ಣತಾಮಾಪಕದಲ್ಲಿ ಪಾದರಸ ಏರಿದಂತೆ.

ಕಾಲಿನ ಬಲಕ್ಕೆ ಕುರ್ಚಿ ಪರೀಕ್ಷೆ ಇದೆ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು. ಏಷ್ಯಾದ ಮಿತಿಯಂತೆ ಇದಕ್ಕೆ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಸಾಮರ್ಥ್ಯ ಕುಂದಿದೆ. ಇದರ ಭೌತವಿಜ್ಞಾನ ಸರಳ. 60 ಕಿಲೋಗ್ರಾಂ ತೂಕದ, 1.60 ಮೀಟರ್ ಎತ್ತರದ ವ್ಯಕ್ತಿಯೊಬ್ಬರು 43 ಸೆಂ.ಮೀ. ಎತ್ತರದ ಕುರ್ಚಿಯಿಂದ ಏಳುತ್ತಾರೆನ್ನಿ. ಪಾದ ಮತ್ತು ಮೊಣಕಾಲಿನ ಕೆಳಗಿನ ಭಾಗ ಮೇಲೇರುವುದಿಲ್ಲವಾದ್ದರಿಂದ ತೂಕದ ಶೇಕಡಾ 90ನ್ನು, ಅಂದರೆ 54 ಕಿಲೋಗ್ರಾಮನ್ನು ಲೆಕ್ಕಕ್ಕೆ ಹಿಡಿಯೋಣ. ಕಾಲಿನ ಉದ್ದ ಎತ್ತರದ ಅರ್ಧ, 80 ಸೆಂ.ಮೀ. ಎಂದಿಟ್ಟುಕೊಂಡರೆ ದೇಹ ಏರುವುದು 37 ಸೆಂ.ಮೀ. ಒಮ್ಮೆ ಏಳಲು ಆಗುವ ಕೆಲಸ 54 × 9.8 × 0.37, ಸುಮಾರು 196 ಜೂಲ್. ಐದು ಸಲಕ್ಕೆ 12 ಸೆಕೆಂಡ್ ಹಿಡಿದು, ಅದರಲ್ಲಿ ಅರ್ಧ ಸಮಯ ಏಳುವುದಕ್ಕೆ ಸಂದರೆ, ಒಂದು ಏಳುವಿಕೆಗೆ 1.2 ಸೆಕೆಂಡ್. ಸಾಮರ್ಥ್ಯ ಸುಮಾರು 163 ವಾಟ್. ಅದೇ ವ್ಯಕ್ತಿ 20 ಸೆಕೆಂಡ್ ತೆಗೆದುಕೊಂಡರೆ ಸಾಮರ್ಥ್ಯ 98 ವಾಟ್‌ಗೆ ಇಳಿಯುತ್ತದೆ. ಮಾಡಿದ ಕೆಲಸ ಒಂದೇ, ಕುಸಿದದ್ದು ಸಾಮರ್ಥ್ಯ. ಕೆಲಸ ಮತ್ತು ಸಾಮರ್ಥ್ಯದ ವ್ಯತ್ಯಾಸವನ್ನು ಬೋಧಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ?

ರಾಶಿಯ ಅಳತೆ: ಎಕ್ಸ್-ಕಿರಣದ ದಾರಿ

ಮೂರನೆಯ ಮೆಟ್ಟಿಲು ಸ್ನಾಯುವಿನ ರಾಶಿ. ಬದುಕಿರುವ ವ್ಯಕ್ತಿಯ ಸ್ನಾಯುವನ್ನು ಬಿಡಿಸಿ ತೂಗಲಾಗದು. ಆದ್ದರಿಂದ ಪರೋಕ್ಷ ವಿಧಾನವೇ ಗತಿ. ಹೆಚ್ಚು ಬಳಕೆಯಲ್ಲಿರುವುದು ‘ಡೆಕ್ಸಾ’, ಅಂದರೆ ಎರಡು ಶಕ್ತಿಗಳ ಎಕ್ಸ್-ಕಿರಣಗಳ ಹೀರಿಕೆಯನ್ನು ಅಳೆಯುವ ವಿಧಾನ. ಮೂಳೆಯ ಸಾಂದ್ರತೆಯನ್ನು ತಿಳಿಯಲು ಆಸ್ಪತ್ರೆಗಳಲ್ಲಿ ಬಳಸುವ ಯಂತ್ರವೇ ಇದು.

ಎಕ್ಸ್-ಕಿರಣಗಳು ವಸ್ತುವನ್ನು ಹಾದುಹೋಗುವಾಗ ಎಷ್ಟು ಕ್ಷೀಣಿಸುತ್ತವೆ ಎಂಬುದು ಅದರಲ್ಲಿನ ಪರಮಾಣುಗಳನ್ನೂ ಕಿರಣದ ಶಕ್ತಿಯನ್ನೂ ಅವಲಂಬಿಸಿದೆ. ಕಡಿಮೆ ಶಕ್ತಿಯ ಕಿರಣಗಳು ಹೆಚ್ಚು ಪರಮಾಣು ಸಂಖ್ಯೆಯ ವಸ್ತುಗಳಲ್ಲಿ ಬಹಳವಾಗಿ ಹೀರಲ್ಪಡುತ್ತವೆ. ಮೂಳೆಯಲ್ಲಿ ಕ್ಯಾಲ್ಸಿಯಂ ಮತ್ತು ರಂಜಕ ಇವೆ. ಸ್ನಾಯುವಿನಲ್ಲಿ ನೀರು, ಅಂದರೆ ಆಕ್ಸಿಜನ್, ಹೆಚ್ಚು. ಕೊಬ್ಬಿನಲ್ಲಿ ಕಾರ್ಬನ್ ಮತ್ತು ಹೈಡ್ರೋಜನ್ ಹೆಚ್ಚು. 40 ಮತ್ತು 70 ಕಿಲೋ-ಎಲೆಕ್ಟ್ರಾನ್-ವೋಲ್ಟ್ ಶಕ್ತಿಯ ಕಿರಣಗಳನ್ನು ತೆಗೆದುಕೊಂಡರೆ, ಎರಡರ ಕ್ಷೀಣತೆಯ ಅನುಪಾತ ಕೊಬ್ಬಿಗೆ ಸುಮಾರು 1.2, ಕೊಬ್ಬಿಲ್ಲದ ಮೃದು ಅಂಗಾಂಶಕ್ಕೆ ಸುಮಾರು 1.4. ದೇಹದ ಒಂದು ಬಿಂದುವಿನಲ್ಲಿ ಈ ಅನುಪಾತ ಎಷ್ಟಿದೆ ಎಂದು ತಿಳಿದರೆ ಅಲ್ಲಿ ಎರಡೂ ಯಾವ ಪ್ರಮಾಣದಲ್ಲಿ ಬೆರೆತಿವೆ ಎಂದು ಲೆಕ್ಕಹಾಕಬಹುದು. ಎರಡು ಅಜ್ಞಾತಗಳಿಗೆ ಎರಡು ಸಮೀಕರಣಗಳು! ಆದರೆ ಮೂಳೆಯಿರುವ ಕಡೆ ಅಜ್ಞಾತಗಳು ಮೂರು, ಸಮೀಕರಣಗಳು ಎರಡೇ. ಆದ್ದರಿಂದ ಅಲ್ಲಿನ ಮೃದು ಅಂಗಾಂಶದ ಸಂಯೋಜನೆಯನ್ನು ನೆರೆಯ ಬಿಂದುಗಳಿಂದ ಅಂದಾಜು ಮಾಡುತ್ತಾರೆ.

ಇಡೀ ದೇಹದ ಚಿತ್ರಣಕ್ಕೆ ತಗಲುವ ವಿಕಿರಣ ಕೆಲವೇ ಮೈಕ್ರೋಸೀವರ್ಟ್. ನಿಸರ್ಗದಿಂದ ಒಂದೆರಡು ದಿನಗಳಲ್ಲಿ ನಮಗೆ ದೊರೆಯುವಷ್ಟೇ. ಹೊಟ್ಟೆ ಮತ್ತು ಎದೆಯೊಳಗಿನ ಅಂಗಗಳೂ ಕೊಬ್ಬಿಲ್ಲದ ಅಂಗಾಂಶಗಳೇ ಆದ್ದರಿಂದ ಅವನ್ನು ಬಿಟ್ಟು, ಕೈಕಾಲುಗಳ ರಾಶಿಯನ್ನು ಮಾತ್ರ ಕೂಡಿ ಎತ್ತರದ ವರ್ಗದಿಂದ ಭಾಗಿಸುತ್ತಾರೆ. ಈ ಸೂಚ್ಯಂಕವನ್ನು 1998ರಲ್ಲಿ ಬಳಕೆಗೆ ತಂದವರು ನ್ಯೂ ಮೆಕ್ಸಿಕೋದ ರಿಚರ್ಡ್ ಬಾಮ್‌ಗಾರ್ಟ್ನರ್ ಮತ್ತು ಸಂಗಡಿಗರು. ಏಷ್ಯಾದ 2019ರ ಮಿತಿ ಪುರುಷರಿಗೆ ಚದರ ಮೀಟರಿಗೆ 7.0 ಕಿಲೋಗ್ರಾಂ, ಸ್ತ್ರೀಯರಿಗೆ 5.4 ಕಿಲೋಗ್ರಾಂ.

ಇದರ ದೌರ್ಬಲ್ಯವನ್ನೂ ತಿಳಿದಿರಬೇಕು. ಕಾಲಿನಲ್ಲಿ ನೀರು ತುಂಬಿ ಊದಿಕೊಂಡಿದ್ದರೆ ಯಂತ್ರ ಆ ನೀರನ್ನೂ ಕೊಬ್ಬಿಲ್ಲದ ಅಂಗಾಂಶವೆಂದೇ ಎಣಿಸುತ್ತದೆ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿರುವ ವೃದ್ಧರಲ್ಲಿ ಇದು ಅಪರೂಪವಲ್ಲ. ಸ್ನಾಯು ಕರಗಿದ್ದರೂ ವರದಿ ಸರಿಯಾಗಿಯೇ ಕಾಣಬಹುದು.

ರಾಶಿಯ ಅಳತೆ: ಓಮ್ ನಿಯಮದ ದಾರಿ

ಇನ್ನೊಂದು ವಿಧಾನ ದೇಹದ ವಿದ್ಯುತ್ ರೋಧವನ್ನು ಅಳೆಯುವುದು. ಸ್ನಾಯುವಿನಲ್ಲಿ ಲವಣಯುಕ್ತ ನೀರಿರುವುದರಿಂದ ಅದು ವಿದ್ಯುತ್ತಿಗೆ ದಾರಿ ಕೊಡುತ್ತದೆ. ಕೊಬ್ಬು ಹಾಗಲ್ಲ. ಕೈ ಮತ್ತು ಪಾದಗಳಿಗೆ ಎಲೆಕ್ಟ್ರೋಡ್‌ಗಳನ್ನು ಅಂಟಿಸಿ ಒಂದು ಮಿಲಿಆಂಪಿಯರ್‌ಗೂ ಕಡಿಮೆಯ, ಸಾಮಾನ್ಯವಾಗಿ 50 ಕಿಲೋಹರ್ಟ್ಸ್ ಆವೃತ್ತಿಯ ಪರ್ಯಾಯ ವಿದ್ಯುತ್ತನ್ನು ಹಾಯಿಸುತ್ತಾರೆ. ದೇಹಕ್ಕೆ ಅದರ ಅರಿವೇ ಆಗುವುದಿಲ್ಲ. ಆದರೆ ಹೃದಯದ ಪೇಸ್‌ಮೇಕರ್ ಅಳವಡಿಸಿಕೊಂಡವರಿಗೆ ಈ ಪರೀಕ್ಷೆ ಸಲ್ಲದು.

ಪಠ್ಯಪುಸ್ತಕದ ಸೂತ್ರವೇ ಇಲ್ಲಿ ಸಾಕು. ವಾಹಕದ ರೋಧ ಅದರ ಉದ್ದಕ್ಕೆ ಅನುಲೋಮ, ಅಡ್ಡಕೊಯ್ತದ ವಿಸ್ತೀರ್ಣಕ್ಕೆ ವಿಲೋಮ. ಗಾತ್ರವೆಂದರೆ ವಿಸ್ತೀರ್ಣ ಮತ್ತು ಉದ್ದಗಳ ಗುಣಲಬ್ಧ. ಎರಡನ್ನೂ ಸೇರಿಸಿದರೆ, ಗಾತ್ರ = ರೋಧಶೀಲತೆ × ಉದ್ದದ ವರ್ಗ ÷ ರೋಧ. ಉದ್ದದ ಬದಲು ವ್ಯಕ್ತಿಯ ಎತ್ತರವನ್ನು ಇಟ್ಟರೆ ಸ್ನಾಯುವಿನ ಅಂದಾಜು ಸಿಗುತ್ತದೆ. 2000ದಲ್ಲಿ ಯಾನ್ಸೆನ್ ಮತ್ತು ಸಂಗಡಿಗರು ಎಂ.ಆರ್.ಐ. ಚಿತ್ರಗಳೊಡನೆ ಹೋಲಿಸಿ ಪಡೆದ ಸಮೀಕರಣ ಹೀಗಿದೆ: ಸೆಂ.ಮೀ.ನಲ್ಲಿ ಎತ್ತರದ ವರ್ಗವನ್ನು ಓಮ್‌ನಲ್ಲಿ ರೋಧದಿಂದ ಭಾಗಿಸಿ 0.401ರಿಂದ ಗುಣಿಸಿ, ಪುರುಷರಾದರೆ 3.825 ಕೂಡಿಸಿ, ವಯಸ್ಸನ್ನು 0.071ರಿಂದ ಗುಣಿಸಿ ಕಳೆಯಿರಿ, ಕೊನೆಗೆ 5.102 ಕೂಡಿಸಿ. ಬರುವುದು ಇಡೀ ದೇಹದ ಅಸ್ಥಿಸ್ನಾಯುವಿನ ರಾಶಿ, ಕಿಲೋಗ್ರಾಂಗಳಲ್ಲಿ.

65 ವರ್ಷದ, 165 ಸೆಂ.ಮೀ. ಎತ್ತರದ ಪುರುಷರ ರೋಧ 500 ಓಮ್ ಇದ್ದರೆ ಉತ್ತರ 26.1 ಕಿಲೋಗ್ರಾಂ. ಅವರು ನೀರು ಕುಡಿಯದೆ ಬಂದಿದ್ದರಿಂದ ರೋಧ 525 ಓಮ್ ಎಂದು ತೋರಿಸಿತೆನ್ನಿ. ಉತ್ತರ 25.1 ಕಿಲೋಗ್ರಾಂ. ಒಂದು ಲೋಟ ನೀರಿನ ವಿಷಯದಲ್ಲಿ ಒಂದು ಕಿಲೋಗ್ರಾಂ ಸ್ನಾಯು ‘ನಷ್ಟ’! ವೃದ್ಧರಲ್ಲಿ ಸ್ನಾಯುರಾಶಿ ವರ್ಷಕ್ಕೆ ಶೇಕಡಾ ಒಂದರ ಆಸುಪಾಸಿನಲ್ಲಿ ಕುಗ್ಗುತ್ತದೆ. ಇಲ್ಲಿನ ದೋಷ ಶೇಕಡಾ 4. ಅಳೆಯಬೇಕಾದ ಬದಲಾವಣೆಗಿಂತ ಅಳತೆಯ ದೋಷವೇ ದೊಡ್ಡದು. ಅಲ್ಲದೆ ಮುಂಡದ ಅಡ್ಡಕೊಯ್ತ ದೊಡ್ಡದಾದ್ದರಿಂದ, ದೇಹರಾಶಿಯ ಅರ್ಧದಷ್ಟನ್ನು ಹೊತ್ತ ಮುಂಡ ಒಟ್ಟು ರೋಧಕ್ಕೆ ಕೊಡುವ ಪಾಲು ಅತ್ಯಲ್ಪ. ಮೇಲಿನ ಸಮೀಕರಣ ಏಷ್ಯಾ ಮೂಲದವರ ಸ್ನಾಯುವನ್ನು ನಿಜಕ್ಕಿಂತ ಕಡಿಮೆ ತೋರಿಸುತ್ತದೆ ಎಂದು ಅದನ್ನು ರೂಪಿಸಿದವರೇ ದಾಖಲಿಸಿದ್ದಾರೆ.

ಇವೆರಡೂ ಅಳೆಯುವುದು ಸ್ನಾಯುವನ್ನಲ್ಲ, ಸ್ನಾಯುವಿನ ಜೊತೆಗಿರುವ ಬೇರೇನನ್ನೋ. ಸ್ನಾಯುವಿಗೆ ನೇರವಾಗಿ ಕೈಹಾಕುವ ಇನ್ನೊಂದು ಉಪಾಯವಿದೆ. ದೇಹದ ಕ್ರಿಯಾಟಿನ್‌ನಲ್ಲಿ ಶೇಕಡಾ 95ರಷ್ಟು ಸ್ನಾಯುವಿನಲ್ಲಿದೆ. ಡ್ಯುಟೀರಿಯಮ್ ಎಂಬ, ವಿಕಿರಣಪಟುವಲ್ಲದ ಭಾರ ಹೈಡ್ರೋಜನ್ನಿನಿಂದ ಗುರುತು ಮಾಡಿದ ಕ್ರಿಯಾಟಿನ್ ಅನ್ನು ಅತ್ಯಲ್ಪ ಪ್ರಮಾಣದಲ್ಲಿ ನುಂಗಿಸಿ, ಕೆಲವು ದಿನಗಳ ನಂತರ ಮೂತ್ರದ ಕ್ರಿಯಾಟಿನಿನ್‌ನಲ್ಲಿ ಗುರುತಿನದರ ಪಾಲೆಷ್ಟು ಎಂದು ನೋಡುತ್ತಾರೆ. ತೊಟ್ಟಿಯ ನೀರಿಗೆ ಗೊತ್ತಾದ ಪ್ರಮಾಣದ ಬಣ್ಣ ಹಾಕಿ, ಬಣ್ಣ ಎಷ್ಟು ತೆಳುವಾಯಿತು ಎಂಬುದರಿಂದ ನೀರಿನ ಪ್ರಮಾಣವನ್ನು ಹೇಳುವ ಉಪಾಯವೇ ಇದು. ಆದರೆ ಇದು ಮುಖ್ಯವಾಗಿ ಸಂಶೋಧನೆಯ ಸಾಧನ, ಊರಿನ ಆಸ್ಪತ್ರೆಯದಲ್ಲ.

ನಾಲ್ಕನೆಯ ಮೆಟ್ಟಿಲು ತೀವ್ರತೆ. ಬಲ ಅಥವಾ ಓಡಾಟದ ಸಾಮರ್ಥ್ಯ ಇವುಗಳಲ್ಲೊಂದು ಕುಂದಿದ್ದು ರಾಶಿಯೂ ಕಡಿಮೆಯಿದ್ದರೆ ಸಾರ್ಕೊಪೀನಿಯ, ಮೂರೂ ಕುಂದಿದ್ದರೆ ತೀವ್ರ ಸಾರ್ಕೊಪೀನಿಯ ಎನ್ನುತ್ತದೆ ಏಷ್ಯಾದ 2019ರ ಮಾರ್ಗಸೂಚಿ. ಓಡಾಟಕ್ಕೆ ಸರಳ ಅಳತೆ ನಡಿಗೆಯ ವೇಗ. 6 ಮೀಟರನ್ನು ಮಾಮೂಲು ನಡಿಗೆಯಲ್ಲಿ ಕ್ರಮಿಸುವಾಗ ವೇಗ ಸೆಕೆಂಡಿಗೆ 1 ಮೀಟರಿಗಿಂತ ಕಡಿಮೆಯಿದ್ದರೆ ಸಾಮರ್ಥ್ಯ ಕುಂದಿದೆ.

ಮಿತಿ ಯಾರದು?

ಒಬ್ಬ ಅಜ್ಜಿಯ ಹಿಡಿತ 17 ಕಿಲೋಗ್ರಾಂ ಎಂದುಕೊಳ್ಳಿ. ಯೂರೋಪಿನ 2018ರ ಮಿತಿ ಸ್ತ್ರೀಯರಿಗೆ 16. ಅದರಂತೆ ಅಜ್ಜಿಯ ಬಲ ಸರಿಯಾಗಿದೆ. ಏಷ್ಯಾದ ಮಿತಿ 18, ಅದರಂತೆ ಕುಂದಿದೆ. ಅಮೆರಿಕದ ತಜ್ಞರ ಗುಂಪೊಂದು 2020ರಲ್ಲಿ ಪ್ರಕಟಿಸಿದ ಮಿತಿ 20. ಅದರಂತೆ ನಿಶ್ಚಯವಾಗಿ ಕುಂದಿದೆ. ಅಜ್ಜಿ ಒಬ್ಬರೇ, ಕೈ ಒಂದೇ, ತೀರ್ಪು ಬೇರೆ ಬೇರೆ! ಇನ್ನೂ ಸ್ವಾರಸ್ಯವೆಂದರೆ, ಆ ಅಮೆರಿಕದ ಗುಂಪು ಡೆಕ್ಸಾದಿಂದ ಅಳೆದ ರಾಶಿಯನ್ನು ವ್ಯಾಖ್ಯೆಯಿಂದಲೇ ಕೈಬಿಟ್ಟಿತು. ಬೀಳುವಿಕೆ, ಸಾವು ಮುಂತಾದ ಪರಿಣಾಮಗಳನ್ನು ಅದು ಸರಿಯಾಗಿ ಮುನ್ಸೂಚಿಸುವುದಿಲ್ಲ ಎಂಬುದು ಅವರ ಕಾರಣ.

ಮಿತಿಗಳನ್ನು ನಿಗದಿಪಡಿಸುವ ಒಂದು ರೂಢಿಯೆಂದರೆ ಆರೋಗ್ಯವಂತ ತರುಣರ ಸರಾಸರಿಯಿಂದ ಎರಡು ಮಾನಕ ವಿಚಲನೆಗಳಷ್ಟು ಕೆಳಗೆ ಗೆರೆ ಎಳೆಯುವುದು. ಯಾವ ದೇಶದ ತರುಣರು? ಬಿಳಿಯರ ಸರಾಸರಿಯನ್ನು ಆಧರಿಸಿದರೆ ಚಿಕ್ಕ ಮೈಕಟ್ಟಿನ ನಮ್ಮ ಹಿರಿಯರಲ್ಲಿ ಹಲವರು ವಿನಾಕಾರಣ ರೋಗಿಗಳಾಗುತ್ತಾರೆ. ನಮ್ಮ ತರುಣರನ್ನೇ ಆಧರಿಸಿದರೆ, ಅವರೇ ಪೋಷಣೆಯ ಕೊರತೆಯಲ್ಲಿ ಬೆಳೆದಿದ್ದಲ್ಲಿ, ಗೆರೆ ಕೆಳಗಿಳಿದು ನಿಜವಾಗಿ ದುರ್ಬಲರಾದವರು ಕೈತಪ್ಪುತ್ತಾರೆ. ಈ ಇಕ್ಕಟ್ಟಿನಿಂದ ಪಾರಾಗಲು ಒಂದೇ ದಾರಿ: ದೊಡ್ಡ ಸಂಖ್ಯೆಯ ಹಿರಿಯರನ್ನು ಈಗ ಅಳೆದು, ಮುಂದೆ ಯಾರು ಬಿದ್ದರು, ಯಾರು ಹಾಸಿಗೆ ಹಿಡಿದರು ಎಂದು ವರ್ಷಗಟ್ಟಲೆ ನೋಡುವುದು. ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನಗಳ ಸಂಸ್ಥೆ 2017-18ರಲ್ಲಿ ಕೈಗೊಂಡ ವೃದ್ಧಾಪ್ಯ ಸಮೀಕ್ಷೆಯ ಮೊದಲ ಸುತ್ತಿನಲ್ಲಿ 45 ದಾಟಿದವರೂ ಅವರ ಸಂಗಾತಿಗಳೂ ಸೇರಿ 72 ಸಾವಿರಕ್ಕೂ ಹೆಚ್ಚು ಜನ ಭಾಗವಹಿಸಿದರು. ಹಿಡಿತ ಮತ್ತು ನಡಿಗೆಯನ್ನೂ ಅಲ್ಲಿ ಅಳೆಯಲಾಯಿತು. ದಕ್ಷಿಣ ಏಷ್ಯಾದ ತಜ್ಞರ ಗುಂಪೊಂದು 2022ರಲ್ಲಿ ಈ ಭಾಗದ ಜನರಿಗಾಗಿ ಪ್ರತ್ಯೇಕ ಒಮ್ಮತದ ಹೇಳಿಕೆಯನ್ನು ಪ್ರಕಟಿಸಿದೆ. 2011ರ ಜನಗಣತಿಯಲ್ಲೇ 60 ದಾಟಿದ ಭಾರತೀಯರು ಹತ್ತು ಕೋಟಿಗೂ ಹೆಚ್ಚಿದ್ದರು. ಗೆರೆ ಎರಡು ಕಿಲೋಗ್ರಾಂ ಅತ್ತಿತ್ತ ಸರಿದರೂ ಅದರ ಆಚೀಚೆಯಾಗುವವರ ಸಂಖ್ಯೆ ಬಹು ದೊಡ್ಡದು.

ಶಾಲೆಯಲ್ಲಿ ಮಾಡಬಹುದಾದದ್ದು

ಟೇಪು, ಕುರ್ಚಿ ಮತ್ತು ಗಡಿಯಾರವಿದ್ದರೆ ವಿದ್ಯಾರ್ಥಿಗಳು ಮನೆಯ ಹಿರಿಯರ ಒಪ್ಪಿಗೆ ಪಡೆದು ಮೂರು ಅಳತೆಗಳನ್ನು ತೆಗೆದುಕೊಳ್ಳಬಹುದು: ಮೀನಖಂಡದ ಸುತ್ತಳತೆ, 6 ಮೀಟರ್ ನಡಿಗೆಯ ಕಾಲ, ಐದು ಸಲ ಏಳುವ ಕಾಲ. ಕುರ್ಚಿಯ ಬೆನ್ನು ಗೋಡೆಗೆ ತಾಗಿರಲಿ, ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರು ನಿಂತಿರಲಿ. ಮಂಡಿನೋವು, ತಲೆಸುತ್ತು ಅಥವಾ ಎದೆನೋವಿರುವವರನ್ನು ಏಳಿಸಿ ಕೂರಿಸಬೇಡಿ. ಪ್ರತಿ ಅಳತೆಯನ್ನೂ ಎರಡು ಸಲ ತೆಗೆದುಕೊಂಡು ವ್ಯತ್ಯಾಸವನ್ನು ಬರೆದಿಡಿ. ಗಡಿಯಾರದ ಗುಂಡಿ ಒತ್ತುವಾಗ 0.2 ಸೆಕೆಂಡ್ ತಪ್ಪಿದರೆ 6 ಸೆಕೆಂಡಿನಲ್ಲಿ ಅದು ಶೇಕಡಾ 3ಕ್ಕೂ ಹೆಚ್ಚು. ಹಾಗಾಗಿ ಸೆಕೆಂಡಿಗೆ 0.98 ಮೀಟರ್ ಎಂದು ಬಂದವರು ಮಿತಿಯ ಯಾವ ಕಡೆಗಿದ್ದಾರೆಂದು ಹೇಳಲಾಗದು. ದೋಷದ ಅಂದಾಜಿಲ್ಲದ ಅಳತೆ ಅರ್ಧ ಅಳತೆ.

ಒಂದು ಎಚ್ಚರಿಕೆ ಅಗತ್ಯ. ಇಲ್ಲಿ ಸಿಗುವುದು ಸಂಶಯ, ರೋಗನಿರ್ಣಯವಲ್ಲ. ಕೈಬೆರಳಿನ ಸಂಧಿವಾತದಿಂದ ಹಿಡಿತ, ಮಂಡಿಯ ಸವೆತದಿಂದ ನಡಿಗೆ ಕುಂದಬಹುದು. ಥೈರಾಯ್ಡ್ ತೊಂದರೆ, ಜೀವಸತ್ವಗಳ ಕೊರತೆ, ಪಾರ್ಕಿನ್‌ಸನ್ ರೋಗ, ಮಧುಮೇಹ, ಕ್ಯಾನ್ಸರ್ ಇವೂ ಕಾರಣವಾಗಬಲ್ಲವು. ಇವನ್ನು ವಿಂಗಡಿಸುವುದು ವೈದ್ಯರ ಕೆಲಸ. ತಾನಾಗಿ ತೂಕ ಇಳಿಯುತ್ತಿದ್ದರೆ, ಪದೇಪದೇ ಬೀಳುತ್ತಿದ್ದರೆ ಮಿತಿಗಳ ಚರ್ಚೆಗೆ ಕಾಯದೆ ವೈದ್ಯರನ್ನು ಕಾಣಬೇಕು.

ಪತ್ತೆ ಮಾಡಿ ಪ್ರಯೋಜನವೇನು ಎಂದು ಕೇಳುವವರಿಗೆ 1990ರಲ್ಲಿ ಬಾಸ್ಟನ್ ನಗರದ ಪ್ರಯೋಗವೊಂದು ಉತ್ತರ ಕೊಟ್ಟಿದೆ. ಮಾರಿಯಾ ಫಿಯಟರೋನ್ ಮತ್ತು ಸಂಗಡಿಗರು ವೃದ್ಧಾಶ್ರಯದಲ್ಲಿದ್ದ, ಸರಾಸರಿ 90 ವಯಸ್ಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಮುಗಿಸಿದವರು ಒಂಬತ್ತು ಜನ. ಅವರ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ತೊಡೆಯ ಸ್ನಾಯುವಿನ ವಿಸ್ತೀರ್ಣ ಹೆಚ್ಚಿದ್ದು ಶೇಕಡಾ 9 ಮಾತ್ರ. ಬಲ ಮತ್ತು ರಾಶಿ ಒಂದೇ ಅಲ್ಲ ಎಂಬುದಕ್ಕೂ, ತೊಂಬತ್ತರ ವಯಸ್ಸಿನಲ್ಲೂ ಸ್ನಾಯು ಕಲಿಯಬಲ್ಲದು ಎಂಬುದಕ್ಕೂ ಇದು ಪುರಾವೆ. ವೈದ್ಯರ ಸಲಹೆಯಂತೆ ಕ್ರಮವಾಗಿ ಭಾರ ಹೆಚ್ಚಿಸುವ ವ್ಯಾಯಾಮ, ಬೇಳೆಕಾಳು, ಹಾಲು, ಮೊಟ್ಟೆಯಂಥ ಸಾಕಷ್ಟು ಪ್ರೋಟೀನಿನ ಊಟ, ಇವೇ ಇಂದಿಗೂ ಮುಖ್ಯ ಚಿಕಿತ್ಸೆ. ಅದು ಯಾರಿಗೆ ತುರ್ತಾಗಿ ಬೇಕೆಂದು ತಿಳಿಯಲು ಮಾತ್ರ ಅಳತೆ ಬೇಕು. ಆ ಅಳತೆ ಒಂದು ಕುರ್ಚಿ ಮತ್ತು ಒಂದು ಗಡಿಯಾರದಿಂದ ಆರಂಭವಾಗಬಲ್ಲದು.